ಕಣ್ಣಿಲ್ಲದ ಸಂತನ ಬಿಸ್ಕತ್ತು

ಮರದ ಆ ಅಚ್ಚಿಗೆ ಬಿದ್ದದ್ದು ಇನ್ನೂರೈವತ್ತು ರಿಯಾಲ್. ಕೆತ್ತುವವರು ಕೇಳಿದ್ದು ಆರುನೂರು. ದುಡ್ಡು ಕೊಡಬೇಕಾದ ಮೇಡಂ ಆರುನೂರಕ್ಕೆ ತಕರಾರಿಲ್ಲದೆ ಪರ್ಸಿನ ಜಿಪ್ಪು ಎಳೆದಾಗಿತ್ತು. ನಡುವೆ ನಿಂತು ಇಳಿಸಿದವನು ನಾನು. ಉಳಿದ ಮುನ್ನೂರೈವತ್ತರಲ್ಲಿ ನನ್ನ ಕಿಸೆಗೆ ಚಿಲ್ಲರೆ ದಿರ್ಹಮೊಂದೂ ಬರುವಂತಿರಲಿಲ್ಲ. ಕಮಿಷನ್ನಿನ ಮಾತೇ ಆಗಿರಲಿಲ್ಲ. ಹಾಗಾದರೆ ಯಾಕೆ ಇಳಿಸಿದೆ ಎಂದು ನೀವು ಕೇಳಬಹುದು. ಎರಡು ಡಿಸೆಂಬರ್‌ಗಳಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಸಿಕ್ಕಿದ ಉತ್ತರ ಇಷ್ಟೇ: ಯಾರ ಬಾಯಿಂದಲಾದರೂ ಒಂದು ದರ ಹೊರಬಿದ್ದರೆ ನನ್ನ ನಾಲಿಗೆ ನನ್ನನ್ನು ಕೇಳದೆಯೇ ಅದರ ಅರ್ಧಕ್ಕೆ ಹೋಗಿ ಕೂತುಬಿಡುತ್ತದೆ. ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಕಾಲು ಎಗರುವುದಿಲ್ಲವೇ, ಹಾಗೆ.

ಈ ನಾಲಿಗೆಯನ್ನು ಪೂರಾ ಬೈಯುವಂತೆಯೂ ಇಲ್ಲ. ನನ್ನನ್ನು ಸಾಕಿದ್ದು ಅದೇ. ಇಪ್ಪತ್ತೆರಡರ ವಯಸ್ಸಿನಲ್ಲಿ ಬಂಟ್ವಾಳದಿಂದ ದೋಹಾಕ್ಕೆ ಬಂದಾಗ ಒಂದು ಸಣ್ಣ ದಿನಸಿ ಅಂಗಡಿಯಲ್ಲಿ ಮೂಟೆ ಹೊರುವ ಕೆಲಸ ನನ್ನದು. ಇವತ್ತು ಅಲ್ ಮುಂತಜಾದ ಹಳೆಯ ಕಟ್ಟಡವೊಂದರ ಕೆಳಗೆ ನನ್ನದೇ ಮಸಾಲೆ ಅಂಗಡಿ ಇದೆ. ಇರಾನಿಯ ಹತ್ತಿರ ಕೇಸರಿಗೆ, ಪಠಾಣನ ಹತ್ತಿರ ಒಣದ್ರಾಕ್ಷಿಗೆ, ಮಲಯಾಳಿಯ ಹತ್ತಿರ ಏಲಕ್ಕಿಗೆ, ಅವರವರ ಭಾಷೆಯಲ್ಲೇ ಜಗಳಾಡಿ ಕಟ್ಟಿದ ಅಂಗಡಿ. "ಇವರು ಕಬರಸ್ತಾನಕ್ಕೆ ಹೋದರೂ ಮೂಲೆ ಜಾಗಕ್ಕೆ ರೇಟು ಕಮ್ಮಿ ಮಾಡಿ ಅನ್ನುವವರು" ಎಂದು ನನ್ನ ಹೆಂಡತಿ ಜುಬೈದಾ ನೆಂಟರ ಮುಂದೆ ಹೇಳುತ್ತಾಳೆ. ನೆಂಟರು ನಗುತ್ತಾರೆ. ಆಗೆಲ್ಲ ನಾನೂ ಹೆಮ್ಮೆಯಿಂದ ನಗುತ್ತಿದ್ದೆ.

ಅಚ್ಚಿನ ಕಥೆ ಹೇಳಬೇಕಾದರೆ ಮೊದಲು ಬಿಸ್ಕತ್ತಿನ ಕಥೆ ಹೇಳಬೇಕು. ಮರೈಕೆ ಎಂಬ ಡಚ್ ಮೇಡಂ, ಮುಶೈರಿಬ್‌ನ ಆಫೀಸೊಂದರಲ್ಲಿ ಎಂಜಿನಿಯರ್, ಪ್ರತಿ ನವೆಂಬರ್ ಬಂದರೆ ಒಂದು ಚೀಟಿ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಒಣಶುಂಠಿ, ಏಲಕ್ಕಿ, ಬಿಳಿ ಕಾಳುಮೆಣಸು. ಮೊದಲ ವರ್ಷ ಆ ಚೀಟಿ ನೋಡಿ, ಬಿರಿಯಾನಿಗೆ ಎಷ್ಟು ಜನ ಮೇಡಂ ಎಂದು ಕೇಳಿದ್ದೆ. ಅವರು ನಕ್ಕು, ಇದು ಬಿಸ್ಕತ್ತಿಗೆ ಎಂದರು. ನಾನು ನಂಬಲಿಲ್ಲ. ವಾರ ಕಳೆದು ಒಂದು ಡಬ್ಬಿ ತಂದುಕೊಟ್ಟರು. ಸ್ಪೆಕ್ಯುಲಾಸ್ ಎಂದು ಅದರ ಹೆಸರು. ಕಂದು ಬಣ್ಣದ ಚಪ್ಪಟೆ ಬಿಸ್ಕತ್ತು. ಮುಚ್ಚಳ ತೆಗೆದರೆ ಯಾರೋ ಬಿರಿಯಾನಿ ಮಸಾಲೆಯನ್ನು ಬೆಲ್ಲದ ಪಾಕಕ್ಕೆ ಬೀಳಿಸಿಕೊಂಡು, ಆಮೇಲೆ ಬೇಕೆಂದೇ ಮಾಡಿದ್ದು ಎಂದು ಸಾಧಿಸಿದ ಹಾಗಿನ ಪರಿಮಳ. ಸಂಜೆಯೊಳಗೆ ಡಬ್ಬಿ ಖಾಲಿಯಾಗಿತ್ತು.

ಈ ಡಚ್ಚರು ನಮಗೆ ಹೊಸಬರೂ ಅಲ್ಲ. ಇಂಗ್ಲಿಷರು ನಮ್ಮ ಕರಾವಳಿಯಲ್ಲಿ ಗಟ್ಟಿಯಾಗಿ ಕಾಲೂರುವ ಮೊದಲೇ ಬಸರೂರಿನಲ್ಲಿ ವ್ಯಾಪಾರದ ಕೋಠಿ ಹಾಕಿ, ಅಕ್ಕಿಗೂ ಮೆಣಸಿಗೂ ಕೆಳದಿಯ ಅರಸರೊಂದಿಗೆ ಕರಾರು ಮಾಡಿಕೊಂಡವರು. ಜಾಯಿಕಾಯಿಯ ದ್ವೀಪಗಳಲ್ಲಂತೂ ಅವರು ಮಾಡಿದ್ದನ್ನು ವ್ಯಾಪಾರ ಎಂದು ಕರೆಯಲು ನನ್ನಂಥ ವ್ಯಾಪಾರಿಗೂ ಬಾಯಿ ಬರುವುದಿಲ್ಲ. ಊರಿಗೆ ಊರನ್ನೇ ಕೊಂದು ಗಿಡ ಇಟ್ಟುಕೊಂಡರು. ಹಾಗೆ ಹೋದ ಸಾಮಾನು ಅವರ ಅಜ್ಜಿಯರ ಹಿಟ್ಟಿನ ಬೋಗುಣಿಗೆ ಬಿದ್ದು ಹಬ್ಬದ ತಿಂಡಿಯಾಯಿತು. ಹಿಟ್ಟು ಅಚ್ಚಿಗೆ ಅಂಟದಿರಲಿ ಎಂದು ಮೊದಲು ಅಕ್ಕಿಹಿಟ್ಟು ಉದುರಿಸುತ್ತೇವೆ ಎಂದು ಮರೈಕೆ ಹೇಳಿದಾಗ, ಬಸರೂರಿನ ಅಕ್ಕಿ ನಿಮ್ಮಲ್ಲಿ ಇನ್ನೂ ಮುಗಿದಿಲ್ಲ ನೋಡಿ ಎಂದೆ. ಅವರಿಗೆ ಬಸರೂರು ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಬಿಳಿ ಮೆಣಸಿಗೆ ಕಿಲೋ ಮೇಲೆ ಎರಡು ರಿಯಾಲ್ ಜಾಸ್ತಿ ಹೇಳಿ ಸ್ವಲ್ಪ ಸೇಡು ತೀರಿಸಿಕೊಂಡೆ.

ಬಿಸ್ಕತ್ತು ಕ್ರಿಸ್ಮಸ್ಸಿನದ್ದು ಎಂದುಕೊಂಡಿದ್ದೆ. ಅಲ್ಲ, ಡಿಸೆಂಬರ್ ಐದರ ಸಂಜೆಯದ್ದಂತೆ. ಅವತ್ತು ಸಿಂಟರ್‌ಕ್ಲಾಸ್ ಎಂಬ ಸಂತ ಬರುತ್ತಾನೆ. ಬಿಳಿ ಗಡ್ಡ, ಕೆಂಪು ನಿಲುವಂಗಿ, ಎತ್ತರದ ಟೋಪಿ, ಕೈಯಲ್ಲಿ ತುದಿ ಬಾಗಿದ ಕೋಲು. ಮೂಲ ಈಗಿನ ತುರ್ಕಿಯ ಕಡಲತೀರ, ಬರುವುದು ಸ್ಪೇನಿನಿಂದ, ಹಡಗಿನಲ್ಲಿ, ಬಿಳಿ ಕುದುರೆಯ ಸಮೇತ, ಸೇರುವುದು ಹಾಲೆಂಡಿಗೆ. ಪಾಸ್‌ಪೋರ್ಟ್ ಯಾವ ದೇಶದ್ದೆಂದು ಯಾರೂ ಕೇಳುವುದಿಲ್ಲ. ಹಬ್ಬದ ಮುಂಚಿನ ದಿನಗಳಲ್ಲಿ ಮಕ್ಕಳು ಚಳಿ ಕಾಯಿಸುವ ಒಲೆಯ ಮುಂದೆ ಬೂಟು ಇಟ್ಟು, ಅದರಲ್ಲಿ ಕುದುರೆಗೆಂದು ಒಂದು ಕ್ಯಾರೆಟ್ ತುರುಕಿ ಮಲಗುತ್ತಾರೆ. ಬೆಳಗ್ಗೆ ಕ್ಯಾರೆಟ್ ಮಾಯ. ಅಲ್ಲಿ ಬಿಸ್ಕತ್ತು, ಚಾಕಲೇಟು. ಅಬು ಹಮೂರಿನ ವಿಲ್ಲಾದಲ್ಲಿ ಚಳಿಯ ಒಲೆ ಎಲ್ಲಿಂದ ಬರಬೇಕು? ಮರೈಕೆಯವರ ಮಕ್ಕಳು ಎಸಿಯ ಕೆಳಗೆ ಬೂಟು ಇಡುತ್ತಿದ್ದರು. ಊರಿನಲ್ಲಿ ಹೊಗೆಗೂಡಿನಿಂದ ಇಳಿಯುವವನು ಇಲ್ಲಿ ಎಸಿಯ ಪೈಪಿನಿಂದ ಬರುತ್ತಾನೆಂದು ಅವರ ಸಣ್ಣ ಮಗಳು ನನಗೆ ವಿವರಿಸಿದ್ದಳು. ಇನ್ನೊಂದು ಸಂಗತಿ ಕೇಳಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ: ಆ ಸಂತ ನಾವಿಕರಿಗೂ ವ್ಯಾಪಾರಿಗಳಿಗೂ ರಕ್ಷಕನಂತೆ. ಅಂದರೆ ನಮ್ಮ ಲೈನಿನವನೇ.

ಬಿಸ್ಕತ್ತಿನ ಮೇಲೆ ಈ ಸಂತ ಮೂಡಬೇಕಾದರೆ ಮರದ ಅಚ್ಚು ಬೇಕು. ಬಯಲುಸೀಮೆಯವರು ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ ಹಲಗೆ. ಆಕೃತಿಯನ್ನು ಒಳಕ್ಕೆ ಕೊರೆದು, ಎಡಬಲ ತಿರುಗಿಸಿ ಕೆತ್ತಿರುತ್ತಾರೆ. ಮರೈಕೆಯವರ ಅಜ್ಜಿಯ ಕಾಲದ ಅಚ್ಚು ದೋಹಾದ ಎಸಿಯ ಒಣಗಾಳಿಗೆ ಸೀಳಿ ಎರಡು ತುಂಡಾಯಿತು. ಟವೆಲಿನಲ್ಲಿ ಸುತ್ತಿ ಅಂಗಡಿಗೆ ತಂದು ಕೌಂಟರಿನ ಮೇಲೆ ಬಿಚ್ಚಿದರು. ಇಂಥದ್ದನ್ನು ಕೆತ್ತುವವರು ಯಾರಾದರೂ ಗೊತ್ತೇ ಎಂದರು. ದೋಹಾದಲ್ಲಿ ನನಗೆ ಗೊತ್ತಿಲ್ಲದವರು ಯಾರಿದ್ದಾರೆ? ಜನಾರ್ದನ ಆಚಾರ್ರಿಗೆ ಫೋನ್ ಮಾಡಿದೆ.

ಆಚಾರ್ರು ಕಾರ್ಕಳದ ಕಡೆಯವರು. ತಂದೆ ಭೂತಸ್ಥಾನಗಳಿಗೆ ಮರದ ಮೂರ್ತಿ ಕೆತ್ತುತ್ತಿದ್ದವರು, ಇವರೂ ಮೂವತ್ತೈದರವರೆಗೆ ಅದೇ ಕೆಲಸದಲ್ಲಿದ್ದವರು. ಆಮೇಲೆ ಇಬ್ಬರು ಹೆಣ್ಣುಮಕ್ಕಳ ಓದಿಗೆಂದು ಇಲ್ಲಿಗೆ ಬಂದು, ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪೊಂದರಲ್ಲಿ ಹದಿನೆಂಟು ವರ್ಷದಿಂದ ಅಡುಗೆಮನೆಯ ಕ್ಯಾಬಿನೆಟ್ ಜೋಡಿಸುತ್ತಿದ್ದರು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆ, ಮಷೀನ್ ಗರಗಸ, ಸ್ಕ್ರೂ. ತಂದೆ ಕೊಟ್ಟ ಸಣ್ಣ ಉಳಿಗಳು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಟ್ರಂಕಿನ ಅಡಿಯಲ್ಲಿದ್ದವು. ಊರಿನವರ ಕೂಟದಲ್ಲಿ ನಾವೆಲ್ಲ ವೀಸಾ, ಬಾಡಿಗೆ, ಟಿಕೆಟ್ ರೇಟು ಮಾತಾಡುತ್ತಿದ್ದರೆ ಆಚಾರ್ರು ತಮ್ಮ ಅಂಗೈ ನೋಡಿಕೊಂಡು ಹೇಳುತ್ತಿದ್ದದ್ದು ಒಂದೇ: ವಾಪಸು ಹೋಗಿ ಮತ್ತೆ ಕೆತ್ತನೆಗೆ ಕೂರಬೇಕು ಅಂತ ಇದೆ, ಆದರೆ ಕೈಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಅದನ್ನು ತಿಳಿಯಲು ಅವರಿಗೊಂದು ಕೆಲಸ ಬೇಕಾಗಿತ್ತು. ಅದು ಈಗ ಟವೆಲ್ ಸುತ್ತಿಕೊಂಡು ನನ್ನ ಕೌಂಟರಿಗೆ ಬಂದಿತ್ತು. ಅದೂ ಒಂದೇ ಅಲ್ಲ. ಮರೈಕೆಯವರ ಗೆಳತಿಯರು ಎಂಟು ಮಂದಿ, ಇದು ಚೆನ್ನಾಗಿ ಬಂದರೆ ನಮಗೂ ಒಂದೊಂದು ಎನ್ನುತ್ತಿದ್ದರು.

ಶುಕ್ರವಾರ ಮೂವರೂ ಅಂಗಡಿಯಲ್ಲಿ ಸೇರಿದೆವು. ಆಚಾರ್ರು ಎರಡು ತುಂಡನ್ನೂ ಜೋಡಿಸಿ ಹಿಡಿದು, ಒಳಗಿನ ಕೊರೆತದಲ್ಲಿ ಹೆಬ್ಬೆರಳು ಆಡಿಸುತ್ತ ತುಂಬಾ ಹೊತ್ತು ಸುಮ್ಮನಿದ್ದರು. ಒಳ್ಳೆಯ ಕೈ ಎಂದು ನನಗೆ ತುಳುವಿನಲ್ಲಿ ಹೇಳಿದರು. ವರ್ಕ್‌ಶಾಪಿನಲ್ಲಿ ಬೀಚ್ ಎಂಬ ವಿದೇಶಿ ಮರದ ದಪ್ಪ ತುಂಡೊಂದು ಬಿದ್ದಿದೆ, ಸೂಪರ್‌ವೈಸರನ್ನು ಕೇಳಿದರೆ ಕೊಡುತ್ತಾನೆ, ರಜೆಯ ದಿನ ಕೂತು ಮಾಡುತ್ತೇನೆ, ಆರುನೂರು ಎಂದರು. ಹದಿನೆಂಟು ವರ್ಷದಲ್ಲಿ ತಮ್ಮ ಕೆಲಸಕ್ಕೆ ಅವರು ತಾವೇ ದರ ಹೇಳಿದ್ದು ಅದೇ ಮೊದಲು. ಅದು ನನಗೆ ಹೊಳೆದದ್ದು ಆಮೇಲೆ. ಆವತ್ತು ಹೊಳೆದದ್ದು ಅರ್ಧ ದರ ಮಾತ್ರ.

"ಆಚಾರ್ರೇ, ಮರ ಪುಕ್ಕಟೆ, ಎರಡು ಶುಕ್ರವಾರದ ಕೆಲಸ. ತಿಂದು ಮುಗಿಸುವ ಬಿಸ್ಕತ್ತಿನ ಅಚ್ಚಿಗೆ ಆರುನೂರಾ? ಇದೇನು ದೇವರ ಪಲ್ಲಕ್ಕಿಯಾ?"

ಅವರು ತುಂಡುಗಳನ್ನು ಮೆಲ್ಲಗೆ ಟವೆಲಿನ ಮೇಲಿಟ್ಟರು. ನಾನು ಇನ್ನೂರು ಎಂದೆ. ಎದುರಿನವರು ಸುಮ್ಮನಿದ್ದರೆ ದರ ಜಾರುತ್ತಿದೆ ಎಂದೇ ನಮ್ಮ ವ್ಯಾಪಾರದಲ್ಲಿ ಅರ್ಥ. ಉದಾರಿಯಾಗಿ ನಾನೇ ಐವತ್ತು ಏರಿಸಿ, ಖಲಾಸ್ ಎಂದು ಕೌಂಟರ್ ತಟ್ಟಿದೆ. ಮರೈಕೆ ನನ್ನನ್ನು ಬಿಟ್ಟು ಅವರನ್ನೇ ಇಂಗ್ಲಿಷಿನಲ್ಲಿ ಕೇಳಿದರು, ನಿಮಗೆ ಇದು ಸರಿಯೇ ಎಂದು. ಆಚಾರ್ರು ಓಕೆ ಮೇಡಂ ಎಂದರು. ಡಚ್ಚರಲ್ಲಿ ಒಮ್ಮೆ ಕೇಳಿ ಹೌದು ಅನ್ನಿಸಿಕೊಂಡರೆ ಮಾತು ಮುಗಿಯಿತಂತೆ. ನಮ್ಮ ಹೌದಿನಲ್ಲಿ ಎಷ್ಟು ಜಾತಿ ಇದೆಯೆಂದು ಅವರಿಗೆ ಹೇಗೆ ಗೊತ್ತಾಗಬೇಕು? ನನಗಾದರೂ ಗೊತ್ತಾಗಬೇಕಿತ್ತು. ನಾನು ಚಾ ತರಿಸಿದೆ. ಇಬ್ಬರಿಗೂ ಉಪಕಾರ ಮಾಡಿದ ಸಂತೋಷದಲ್ಲಿ ನನ್ನದಕ್ಕೆ ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿಕೊಂಡೆ.

ನವೆಂಬರ್ ಕೊನೆಗೆ ಆಚಾರ್ರು ಅಚ್ಚು ತಂದರು. ಮೆಸ್ಸಿನ ಚಪಾತಿ ಹಿಟ್ಟು ಒತ್ತಿ ಪರೀಕ್ಷೆ ಮಾಡಿದ್ದರು. ನನ್ನೆದುರೂ ಒಮ್ಮೆ ಒತ್ತಿ ಎಬ್ಬಿಸಿ ತೋರಿಸಿದರು. ಗಡ್ಡದ ಒಂದೊಂದು ಎಳೆ, ನಿಲುವಂಗಿಯ ಮಡಿಕೆ, ಕೋಲಿನ ತುದಿಯ ಸುರುಳಿ, ಕುದುರೆಯ ಮೂಗಿನ ಹೊಳ್ಳೆ. ಅಜ್ಜಿಯ ಅಚ್ಚಿನಲ್ಲಿ ಇಷ್ಟು ಇರಲಿಲ್ಲ. ಕೈಗೆ ಎಲ್ಲವೂ ನೆನಪಿತ್ತು. ಆದರೆ ಮುಖದಲ್ಲಿ ಮೂಗಿನ ಎರಡು ಬದಿಯೂ ನುಣ್ಣಗೆ ಖಾಲಿ. ಕಣ್ಣೆಲ್ಲಿ ಆಚಾರ್ರೇ ಎಂದೆ.

"ಅಷ್ಟೇ ಸಾಹೇಬ್ರೇ" ಎಂದರು.

ಬೇಯುವಾಗ ಹಿಟ್ಟು ಉಬ್ಬಿ ಕಣ್ಣು ಹೇಗೂ ಮುಚ್ಚಿಹೋಗುತ್ತದೆ, ಅದಕ್ಕೇ ಬಿಟ್ಟಿದ್ದಾರೆ ಎಂದು ನಾನೇ ಅರ್ಥ ಮಾಡಿಕೊಂಡು, ಮರೈಕೆಯವರಿಗೂ ಅದನ್ನೇ ಹೇಳಿ ಕ್ಯಾರಿಬ್ಯಾಗಿಗೆ ಹಾಕಿಕೊಟ್ಟೆ. ಗಿರಾಕಿ ಕೇಳುವ ಮೊದಲೇ ಸಮಜಾಯಿಷಿ ಕೊಟ್ಟಿಡುವುದು ನನ್ನ ಅಂಗಡಿಯ ಹಳೆಯ ಪದ್ಧತಿ.

ಡಿಸೆಂಬರ್ ಐದರ ಸಂಜೆಗೆ ನನ್ನನ್ನೂ ಜುಬೈದಾಳನ್ನೂ ಮನೆಗೆ ಕರೆದರು. ಆಚಾರ್ರನ್ನೂ ಕರೆದಿದ್ದರು, ಓವರ್‌ಟೈಮ್ ಇದೆ ಎಂದು ಅವರು ಬಂದಿರಲಿಲ್ಲ. ಆ ಸಂಜೆಯ ಒಂದು ಪದ್ಧತಿ ನಿಮಗೆ ಹೇಳಬೇಕು. ಬಂದವರಿಗೆಲ್ಲ ಒಂದೊಂದು ಪೊಟ್ಟಣ. ಪೊಟ್ಟಣದ ಜೊತೆ ಒಂದು ಪದ್ಯ. ಪದ್ಯದಲ್ಲಿ ಆ ಮನುಷ್ಯನ ಹುಳುಕನ್ನೆಲ್ಲ ಪ್ರಾಸ ಕಟ್ಟಿ ಎತ್ತಿ ಆಡಿರುತ್ತಾರೆ. ಬರೆದವರ ಹೆಸರಿರುವುದಿಲ್ಲ, ಸಂತನ ರುಜು. ನಮ್ಮಲ್ಲಿ ಮದುವೆಯಲ್ಲಿ ಬೀಗರನ್ನು ಹಾಡಿನಲ್ಲೇ ಬೈದು ಇಳಿಸುತ್ತಾರಲ್ಲ, ಆ ಥರ. ವ್ಯತ್ಯಾಸ ಏನೆಂದರೆ ಇಲ್ಲಿ ಬೈಸಿಕೊಂಡವನೇ ಎದ್ದು ನಿಂತು ಗಟ್ಟಿಯಾಗಿ ಓದಬೇಕು, ಸಿಟ್ಟು ಮಾಡುವಂತಿಲ್ಲ. ಮರೈಕೆಯವರ ಗಂಡ ಓದಿದ ಪದ್ಯದಲ್ಲಿ ಅವರ ಗೊರಕೆಗೆ ಸಂತನ ಕುದುರೆ ಬೆದರಿ ಓಡಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ನನ್ನ ಸರದಿ.

ನನ್ನ ಇಂಗ್ಲಿಷು ಬಿಲ್ಲಿಂಗ್ ಮಟ್ಟದ್ದು. ಅಕ್ಷರ ಮೊದಲು ಬಾಯಿಗೆ ಬರುತ್ತದೆ, ಅರ್ಥ ಆಮೇಲೆ ನಿಧಾನಕ್ಕೆ ಬರುತ್ತದೆ. ಪದ್ಯದಲ್ಲಿ ಇದ್ದದ್ದು ಹೀಗೆ: ದೂರದಿಂದ ಬಂದ ಸಂತನಿಗೆ ಗಡ್ಡ ಇದೆ, ಕುದುರೆ ಇದೆ, ಆದರೂ ಬಾಗಿಲು ಕಾಣದೆ ಗೋಡೆಗೆ ಹಾಯ್ದ. ಕಣ್ಣೆಲ್ಲಿ ಹೋಯಿತೆಂದು ಕೆತ್ತಿದವನನ್ನು ಕೇಳಿದರೆ, ಕಣ್ಣು ಆ ದರದಲ್ಲಿ ಸೇರಿಲ್ಲ ಎಂದ. ಮಸಾಲೆಯ ಸಾಹುಕಾರನೇ, ಎರಡು ಕಣ್ಣಿನಲ್ಲಿ ನೀನು ಉಳಿಸಿದ್ದೆಷ್ಟು?

ಕಣ್ಣು ಆ ದರದಲ್ಲಿ ಸೇರಿಲ್ಲ ಎಂಬಲ್ಲಿಗೆ ಬಂದಾಗ ಅರ್ಥ ನನ್ನನ್ನು ಹಿಡಿಯಿತು. ಆದರೂ ಕೊನೆಯವರೆಗೆ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ನಕ್ಕೆ. ಜುಬೈದಾ ಅರ್ಧ ನಕ್ಕವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಮರೈಕೆ ಹತ್ತಿರ ಬಂದು, ನಾನು ಆಚಾರ್ರಿಗೆ ಫೋನ್ ಮಾಡಿ ಕಣ್ಣಿನ ವಿಷಯ ಕೇಳಿದ್ದೆ, ಅವರು ಹೇಳಿದ್ದನ್ನು ಹಾಗೇ ಪದ್ಯಕ್ಕೆ ಹಾಕಿದೆ, ಎಂಥ ತಮಾಷೆಯ ಮನುಷ್ಯ ಎಂದರು. ಹೌದು, ಬಹಳ ತಮಾಷೆಯ ಮನುಷ್ಯ ಎಂದೆ. ಮೇಜಿನ ಮೇಲೆ ತಟ್ಟೆ ತುಂಬಾ ಸಂತರು ಸಾಲಾಗಿ ಮಲಗಿದ್ದರು, ಬಿಸಿ ಬಿಸಿ, ಗಡ್ಡದ ಎಳೆ ಸಹಿತ. ಒಬ್ಬನಿಗೆ ಮಾತ್ರ ಮರೈಕೆಯವರ ಮಗಳು ಎರಡು ಲವಂಗದ ಮೊಗ್ಗು ಚುಚ್ಚಿ ಕಣ್ಣು ಮಾಡಿದ್ದಳು. ಅವನು ಬೆರಗಾದವನಂತೆ ನನ್ನನ್ನೇ ನೋಡುತ್ತಿದ್ದ.

ಕಾರಿನಲ್ಲಿ ಜುಬೈದಾ ಕೇಳಿದಳು. "ಬಂಟ್ವಾಳದ ಮನೆಗೆ ಬಾಗಿಲು ಇಟ್ಟ ದಿನ ಅಲ್ಲಿನ ಆಚಾರಿಗೆ ಏನು ಕೊಟ್ಟಿದ್ದಿರಿ?"

ಪಂಚೆ, ತೆಂಗಿನಕಾಯಿ, ಎಲೆಯಡಿಕೆಯಲ್ಲಿ ಇಟ್ಟು ಹಣ. ಕೇಳಿದ್ದಕ್ಕಿಂತ ನೂರು ರೂಪಾಯಿ ಮೇಲೆ. ಆವತ್ತು ನಾನೇಕೆ ಚೌಕಾಸಿ ಮಾಡಲಿಲ್ಲ ಎಂದು ನೆನಪು ಮಾಡಿಕೊಂಡೆ. ಬಾಯಿ ತೆರೆದಿದ್ದೆ, ಪಕ್ಕದಲ್ಲಿ ನನ್ನನ್ನು ಹೆತ್ತ ಉಮ್ಮ ನಿಂತಿದ್ದರು, ನನ್ನ ತೋಳು ಚಿವುಟಿದ್ದರು. ಈಗ ಉಮ್ಮ ಇಲ್ಲ.

ಮುಂದಿನ ಶುಕ್ರವಾರ ಮುನ್ನೂರೈವತ್ತು ರಿಯಾಲನ್ನು ಒಂದು ಲಕೋಟೆಗೆ ಹಾಕಿ, ಒಂದು ಪಂಚೆ, ಒಂದು ತೆಂಗಿನಕಾಯಿ ಹಿಡಿದುಕೊಂಡು ಆಚಾರ್ರಿದ್ದ ಲೇಬರ್ ಕ್ಯಾಂಪಿಗೆ ಹೋದೆ. ಅವರು ಮಂಚದ ಮೇಲಿದ್ದ ಬಟ್ಟೆ ಸರಿಸಿ ಕೂರಿಸಿ, ಚಾ ಕೊಟ್ಟರು. ಲಕೋಟೆಯನ್ನು ಮುಟ್ಟಲಿಲ್ಲ. ನಾನೇ ಮಾತೆತ್ತಿದೆ, ಆಚಾರ್ರೇ, ಸಿಟ್ಟಿದ್ದರೆ ಬೈದುಬಿಡಿ ಎಂದೆ.

"ಸಿಟ್ಟಲ್ಲ ಸಾಹೇಬ್ರೇ. ಅಪ್ಪ ಮೂರ್ತಿ ಪೂರ್ತಿ ಮುಗಿಸಿದರೂ ಕಣ್ಣು ಬಿಡಿಸುತ್ತಿರಲಿಲ್ಲ. ಮನೆಯವರು ಹರಿವಾಣದಲ್ಲಿ ಅಕ್ಕಿ, ಕಾಯಿ, ಬಟ್ಟೆ ತಂದಿಟ್ಟು, ಆಚಾರ್ರೇ ಇನ್ನು ಕಣ್ಣು ಬಿಡಿಸಿ ಅನ್ನಬೇಕು. ಆಮೇಲೆ ಉಳಿ. ನಾನು ಬಿಸ್ಕತ್ತಿಗೆ ಹರಿವಾಣ ಕೇಳುವಷ್ಟು ಹುಚ್ಚನಲ್ಲ. ಮಾಡುವ ಅಂತಲೇ ಕೂತೆ, ಉಳಿಯನ್ನೂ ಹಿಡಿದೆ. ಆ ಮೇಡಂ ಎದುರು ನೀವು ಹೇಳಿದ್ದು ಕಿವಿಗೆ ಬಂತು. ಕೈ ಹೋಗಲಿಲ್ಲ."

ಎಂಟು ಅಚ್ಚಿನ ಆರ್ಡರ್ ಇನ್ನೂ ಇದೆ, ತಲಾ ಆರುನೂರು, ನಾನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದೆ. ಅವರು ಚಾ ಲೋಟ ತಿರುಗಿಸುತ್ತ ಕೂತಿದ್ದರು.

"ಆವತ್ತು ನೀವು ಸುಮ್ಮನಿದ್ದರೆ ಸಾಕಿತ್ತು. ಈಗ ಬಿಡಿ. ಕ್ಯಾಬಿನೆಟ್ಟಿಗೆ ಕಣ್ಣು ಬೇಡ ನೋಡಿ, ಅದೇ ಆರಾಮ."

ಲಕೋಟೆಯನ್ನೂ ಪಂಚೆಯನ್ನೂ ನನ್ನ ಮಡಿಲಿಗೇ ಇಟ್ಟರು. ತೆಂಗಿನಕಾಯಿ ಬೇಡವೆನ್ನಬಾರದಂತೆ, ಅದನ್ನು ಮಾತ್ರ ತೆಗೆದುಕೊಂಡು, ಬಾಗಿಲಲ್ಲಿ ಹಾಯುತ್ತಿದ್ದ ಮೆಸ್ಸಿನವನ ಕೈಗೆ ಚಟ್ನಿಗೆಂದು ಕೊಟ್ಟರು. ಮಾರ್ಚಿನಲ್ಲಿ ಕಾಂಟ್ರ್ಯಾಕ್ಟ್ ಮುಗಿಸಿ ಊರಿಗೆ ಹೋದರು. ಕಾರ್ಕಳದಲ್ಲಿ ರೆಡಿಮೇಡ್ ಬಾಗಿಲು ಮಾರುವ ಅಂಗಡಿಯಲ್ಲಿ ಕೂತಿದ್ದಾರೆ, ಕೆತ್ತನೆಗೆ ಕೂತಿಲ್ಲ ಎಂದು ಅಲ್ಲಿಂದ ಬಂದವರು ಹೇಳುತ್ತಾರೆ. ಈ ವಯಸ್ಸಿನಲ್ಲಿ ಹೇಗೂ ಕೂರುತ್ತಿರಲಿಲ್ಲ ಬಿಡಿ ಎಂದು ಕೆಲವರು ನನಗೆ ಸಮಾಧಾನ ಹೇಳುವುದುಂಟು. ಅದು ಅಗ್ಗದ ಮಾಲು. ಅಗ್ಗದ ಮಾಲನ್ನು ಮೂವತ್ತು ವರ್ಷ ಮಾರಿದವನು ನಾನು, ಅದರ ಗುಣ ನನಗೆ ಗೊತ್ತು. ಮರೈಕೆಯವರ ಗೆಳತಿಯರು ಆನ್‌ಲೈನಿನಲ್ಲಿ ಮಷೀನಿನ ಅಚ್ಚು ತರಿಸಿಕೊಂಡರು. ಎಲ್ಲಕ್ಕೂ ಕಣ್ಣಿದೆ, ಎಲ್ಲದರ ಮುಖವೂ ಒಂದೇ.

ಇಷ್ಟು ಹೇಳಿದ ಮೇಲೆ ಬುದ್ಧಿಮಾತು ಹೇಳದೆ ಹೋದರೆ ನಾನು ನಾನಲ್ಲ. ಆ ಬಿಸ್ಕತ್ತು ಮಾಡುವುದಾದರೆ ಜಾಯಿಕಾಯಿಯನ್ನು ಇಡಿಯದ್ದೇ ಕೊಳ್ಳಿ; ಅಂಗೈಯಲ್ಲಿ ತೂಗಿ ನೋಡಿ, ಹಗುರವಿದ್ದರೆ ಒಳಗೆ ಹುಳ ತಿಂದಿರುತ್ತದೆ. ಬಿಳಿ ಮೆಣಸನ್ನು ಆ ದಿನವೇ ಪುಡಿ ಮಾಡಿ. ಮಸಾಲೆ ಹಾಕಿ ನಾದಿದ ಹಿಟ್ಟನ್ನು ಒಂದು ದಿನ ಫ್ರಿಜ್ಜಿನಲ್ಲಿಡಿ, ಅವಸರ ಮಾಡಿದರೆ ಮಸಾಲೆ ಒಂದು ಕಡೆ, ಸಿಹಿ ಒಂದು ಕಡೆ ನಿಲ್ಲುತ್ತದೆ. ಮರದ ಅಚ್ಚನ್ನು ನೀರಿನಲ್ಲಿ ತೊಳೆಯಬೇಡಿ, ಒಣ ಬ್ರಷ್ಷಿನಲ್ಲಿ ಉಜ್ಜಿ.

ಚೌಕಾಸಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಮಾರ್ಕೆಟ್ ಮುಚ್ಚುವ ಹೊತ್ತಿಗೆ ಮೀನಿಗೆ ಮಾಡಿ. ಜನ ಊರಿಗೆ ಹೋಗುವ ಬೇಸಿಗೆಯಲ್ಲಿ ಫ್ಲ್ಯಾಟಿನ ಬಾಡಿಗೆಗೆ ಮಾಡಿ. ನನ್ನ ಅಂಗಡಿಗೆ ಬಂದರೆ ಖಂಡಿತ ಮಾಡಿ, ನಾನು ಅದಕ್ಕೆಂದೇ ಸ್ವಲ್ಪ ಸೇರಿಸಿ ಹೇಳಿರುತ್ತೇನೆ. ಆದರೆ ಕೆಲಸವನ್ನು ಕೈಯಲ್ಲಿ ಹಿಡಿದು, ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ದರ ಹೇಳುವವರು ಸಿಕ್ಕರೆ ನಿಲ್ಲಿ. ಅವರು ತಮ್ಮೊಳಗೇ ಚೌಕಾಸಿ ಮಾಡಿಕೊಂಡು, ಸೋತು, ಉಳಿದದ್ದನ್ನು ಹೇಳಿರುತ್ತಾರೆ. ಅಂಥ ಹೊತ್ತಿನಲ್ಲಿ ಬಾಯಿ ಕಟ್ಟುವುದು ನನ್ನಂಥವರಿಗೆ ಕಷ್ಟ, ಅದಕ್ಕೂ ಒಂದು ಉಪಾಯವಿದೆ. ಈ ಬಿಸ್ಕತ್ತು ಗಟ್ಟಿ. ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಿ. ಎರಡು ನಿಮಿಷ ಮಾತು ಹೊರಡುವುದಿಲ್ಲ. ಅದು ಕರಗಿ ನಾಲಿಗೆ ಬಿಡುವಾಗುವಷ್ಟರಲ್ಲಿ ಅವರು ಕೆಲಸ ಶುರು ಮಾಡಿರುತ್ತಾರೆ.